ಕೊಳಲಿನಡಿ ಹೋದ ಮಾತು

ಧ್ವನಿಯನ್ನು ಕಣ್ಣಿನಿಂದ ನೋಡುವ ಕಾಲ ಬಂದಿದೆ. ಮಗಳು ನನ್ನ ಕಂಪ್ಯೂಟರಿಗೆ ಹಾಕಿಕೊಟ್ಟ ಸಾಫ್ಟ್‌ವೇರಿನಲ್ಲಿ ಮಾತು ಎಂದರೆ ಒಂದು ನೀಲಿ ಕಂಬಳಿಹುಳ. ಜೋರಾಗಿ ಮಾತಾಡಿದಲ್ಲಿ ಹುಳ ದಪ್ಪ, ಮೆಲ್ಲಗೆ ಮಾತಾಡಿದಲ್ಲಿ ಸಪೂರ, ಸುಮ್ಮನಿದ್ದಲ್ಲಿ ಬರೀ ಗೆರೆ. ಹುಳದ ಹಿಂತುದಿಯನ್ನು ಮೌಸಿನಿಂದ ಹಿಡಿದು ಒಳಕ್ಕೆ ಎಳೆದರೆ ಅದು ಇಲಿಯ ಬಾಲದಂತೆ ಸಣ್ಣಗಾಗುತ್ತ ಹೋಗಿ ಇಲ್ಲವಾಗುತ್ತದೆ. ಇದು ಫೇಡ್ ಔಟ್. ತಲೆಯ ಕಡೆಯಿಂದ ಎಳೆದರೆ ಫೇಡ್ ಇನ್. ಇಳಿಯುವ ಗೆರೆ ನೇರ ಇರಬೇಕೋ, ಬಾಗಬೇಕೋ, ಮೊದಲು ನಿಧಾನ ಇಳಿದು ಆಮೇಲೆ ಧೊಪ್ಪನೆ ಬೀಳಬೇಕೋ ಎಂದು ಕೂಡ ಅದು ವಿನಯದಿಂದ ಕೇಳುತ್ತದೆ. ಮಾಡಿದ್ದು ಇಷ್ಟವಾಗದಿದ್ದರೆ ಹಿಂದಕ್ಕೆ ತಿರುಗಿದ ಒಂದು ಬಾಣದ ಗುರುತು ಒತ್ತಿದರಾಯಿತು, ಕರಗಿದ್ದೆಲ್ಲ ವಾಪಸು ಬರುತ್ತದೆ.

ಈ ಬಾಣವನ್ನು ಮೊದಲ ಸಲ ಒತ್ತಿದ ದಿನ ನಾನು ಎದ್ದು ಹೋಗಿ ಮುಖ ತೊಳೆದುಕೊಂಡೆ. "ಎಂತ ಆಯ್ತು?" ಎಂದು ಹೆಂಡತಿ ಕೇಳಿದಳು. "ಕಣ್ಣು ಉರಿ" ಎಂದೆ. ಅವಳು ನಂಬಿದಳು ಎಂದು ಬರೆಯಬಹುದು, ಆದರೆ ಮೂವತ್ತೆಂಟು ವರ್ಷದ ಸಂಸಾರದಲ್ಲಿ ಅವಳು ನನ್ನ ಯಾವ ಕಾರಣವನ್ನೂ ನಂಬಿದ್ದು ನಾನು ನೋಡಿಲ್ಲ.

ಒಂದು ಕಾಲದಲ್ಲಿ ನಾನು ಇದೇ ಕೆಲಸವನ್ನು ಎರಡು ಬೆರಳಿನಿಂದ ಮಾಡುತ್ತಿದ್ದೆ. ಅದಕ್ಕೆ ವಾಪಸು ಬರುವ ಬಾಣ ಇರಲಿಲ್ಲ.

ಆದರೆ ನನ್ನ ಮೊದಲ ಫೇಡ್ ಔಟ್ ಕೇಳಿಸಿದ್ದು ಯಾವ ಯಂತ್ರದಿಂದಲೂ ಅಲ್ಲ. ನಾನು ಬೆಳೆದದ್ದು ಮಂಗಳೂರಿನ ಬೋಳೂರಿನಲ್ಲಿ. ಬೆಳಿಗ್ಗೆ ಹೊಳೆಯ ಕಡೆಯಿಂದ ಒಬ್ಬಳು ಬುಟ್ಟಿಯಲ್ಲಿ ಮರುವಾಯಿ ಹೊತ್ತು ಬರುತ್ತಿದ್ದಳು. ಹೊಳೆಯ ಕೆಸರಿನಿಂದ ಹೆಕ್ಕಿದ ಚಿಪ್ಪು ಅದು, ನಮ್ಮ ಕಡೆ ಸಾರಿಗೆ ಹಾಕುತ್ತಾರೆ. ಅವಳು ಬರುವುದಕ್ಕೆ ಎಷ್ಟೋ ಮೊದಲೇ ಅವಳ ಕೂಗು ಬರುತ್ತಿತ್ತು, ಹೋದ ಎಷ್ಟೋ ಹೊತ್ತಿನವರೆಗೆ ಕೂಗು ಉಳಿಯುತ್ತಿತ್ತು. ಆ ಕೂಗು ಸರಿಯಾಗಿ ಎಲ್ಲಿ ನಿಲ್ಲುತ್ತದೆ ಎಂದು ಕಂಡುಹಿಡಿಯಲು ನಾನು ಆವರಣದ ಗೋಡೆ ಹತ್ತಿ ಕೂರುತ್ತಿದ್ದೆ. ಈಗ ನಿಂತಿತು ಅನ್ನುವಾಗ ಮತ್ತೊಂದು ಎಳೆ ಗಾಳಿಯಲ್ಲಿ ಬರುತ್ತಿತ್ತು. "ಅಜ್ಜೀ, ಈಗ ನಿಂತಿತಾ?" ಎಂದು ಕೇಳಿದರೆ ಅಜ್ಜಿ ಹೇಳುತ್ತಿದ್ದಳು: "ನಿನ್ನ ತಲೆ. ಅವಳು ಈಗ ಕುದ್ರೋಳಿಯಲ್ಲಿ ಕೂಗ್ತಿದ್ದಾಳೆ. ನಮಗೆ ಕೇಳದಿದ್ದರೆ ಅವಳು ಬಾಯಿ ಮುಚ್ಚಿದ್ದಾಳೆ ಅಂತ ಅರ್ಥವಾ?"

ಅಜ್ಜಿ ನಿಜವಾಗಿ ಇಷ್ಟು ಚಂದ ಹೇಳಿದ್ದಳೇ ಎಂದು ನನಗೆ ಸಂಶಯವಿದೆ. ಕಥೆಗೆ ಬೇಕಾದ ಮಾತನ್ನು ಸತ್ತವರ ಬಾಯಿಗೆ ಹಾಕುವುದು ನೆನಪಿನ ಹಳೆಯ ಚಾಳಿ. ಅಜ್ಜಿ ಬಹುಶಃ "ಗೋಡೆಯಿಂದ ಇಳಿ, ಹೋಗಿ ಮೀಯು" ಎಂದಿರಬೇಕು.

ಇಪ್ಪತ್ತೈದರ ಪ್ರಾಯಕ್ಕೆ ನಾನು ದೊಡ್ಡ ಪ್ರಯೋಗಶೀಲನಾಗಿದ್ದೆ. ಪೂರ್ಣವಿರಾಮ ಇಲ್ಲದ ಕವಿತೆ ಬರೆಯುತ್ತಿದ್ದೆ. ನಟರೇ ಇಲ್ಲದ, ಬರೀ ಶಬ್ದಗಳ ಒಂದು ನಾಟಕವನ್ನು ಒಂದು ಕಾಲೇಜಿನ ಸಭಾಂಗಣದಲ್ಲಿ ಆಡಿಸಿದೆ, ಅಥವಾ ಕೇಳಿಸಿದೆ. ಹನ್ನೊಂದು ಜನ ಬಂದಿದ್ದರು. ಫ್ಯಾನಿನ ಸದ್ದು ನಾಟಕದ್ದೋ ಸಭಾಂಗಣದ್ದೋ ಎಂದು ತಿಳಿಯದೆ ನಾಲ್ಕು ಜನ ಮಧ್ಯದಲ್ಲಿ ಎದ್ದು ಹೋದರು. ಆಗ ನನ್ನದೊಂದು ಸಿದ್ಧಾಂತವಿತ್ತು: ಯಾವುದೂ ಮುಗಿಯಬಾರದು, ಎಲ್ಲವೂ ಕರಗಬೇಕು. ಮುಗಿಯುವುದು ಹಳಬರ ಸಾಹಿತ್ಯ, ಕರಗುವುದು ಹೊಸದು. ಈ ಸಿದ್ಧಾಂತವನ್ನು ಕೇಳುವ ತಾಳ್ಮೆ ಇದ್ದದ್ದು ವಾಮನನೊಬ್ಬನಿಗೆ. ಯಾಕೆಂದರೆ ಅವನ ಕೈ ಯಾವಾಗಲೂ ಯಾವುದಾದರೊಂದು ರೇಡಿಯೋದ ಹೊಟ್ಟೆಯೊಳಗೆ ಇರುತ್ತಿತ್ತು, ಕಿವಿಗೆ ಬೇರೆ ಕೆಲಸ ಇರಲಿಲ್ಲ.

ವಾಮನ ನನ್ನ ಶಾಲೆಯ ಸ್ನೇಹಿತ. ಕುದ್ರೋಳಿಯಲ್ಲಿ ಅವನ ರೇಡಿಯೋ ರಿಪೇರಿ ಅಂಗಡಿ. ಎಪ್ಪತ್ತರ ದಶಕದ ಕೊನೆಯ ಹೊತ್ತಿಗೆ ನಮ್ಮ ಸುತ್ತಲಿನ ಮನೆಮನೆಗಳಿಂದ ಗಂಡಸರು ಬೊಂಬಾಯಿಗೆ ಹೋಗಿ ಅಲ್ಲಿಂದ ಗಲ್ಫಿನ ವಿಮಾನ ಹತ್ತುತ್ತಿದ್ದರು. ಅವರಿಗೆ ಕಾಗದ ಬರೆಯುವುದೇ ಒಂದು ಪೀಕಲಾಟ. ನಾವೆಲ್ಲ ಮನೆಯಲ್ಲಿ ಮಾತಾಡುವುದು ತುಳು, ಕಾಗದ ಬರೆಯುವುದು ಕನ್ನಡದಲ್ಲಿ. "ನೀನು ಕ್ಷೇಮದಿಂದಿರುವೆ ಎಂದು ಭಾವಿಸುತ್ತೇನೆ" ಎಂದು ಬರೆದ ಕೂಡಲೇ ಅಮ್ಮ ಅಮ್ಮನಾಗಿ ಉಳಿಯದೆ ಪಂಚಾಯತು ಕಾರ್ಯದರ್ಶಿಯಾಗಿಬಿಡುತ್ತಿದ್ದಳು. ಕ್ಯಾಸೆಟ್ ಬಂದು ಅವರನ್ನು ಬಿಡಿಸಿತು. ಒಂದು ಕ್ಯಾಸೆಟ್, ಅರ್ಧ ಗಂಟೆಯ ಒಂದು ಸೈಡ್, ಅದರಲ್ಲಿ ತುಳುವಿನಲ್ಲೇ "ಒಣಸ್ ಆಂಡಾ ಮಗಾ?" ಎಂದು ಊಟವಾಯಿತೇ ಎಂದು ಕೇಳಬಹುದು. ಹೋಗುವವರ ಕೈಯಲ್ಲಿ ಕಳಿಸಿದರೆ ಹತ್ತು ಹದಿನೈದು ದಿನಕ್ಕೆ ಮಗನ ರೂಮಿಗೆ ಮುಟ್ಟುತ್ತದೆ.

ವಾಮನ ಅಂಗಡಿಯ ಹಿಂಬದಿಯಲ್ಲಿ ಹಲಗೆಯ ಒಂದು ಗೂಡು ಕಟ್ಟಿದ. ಒಳಗೋಡೆಗೆ ನಾರಿನ ಚಾಪೆ ಹೊಡೆದೆವು. ಗುಜರಿಯಿಂದ ತಂದ ಬಸ್ಸಿನ ಕಿಟಕಿಗಾಜು ಒಂದನ್ನು ಕೂರಿಸಿದೆವು. ಒಳಗೆ ಮೈಕು, ಕುರ್ಚಿ ಎರಡು. ಹೊರಗೆ ಎರಡು ಟೇಪ್ ರೆಕಾರ್ಡರ್, ಹೆಡ್‌ಫೋನು ಮತ್ತು ನಾನು. ನನಗೆ ಬೇರೆ ಕೆಲಸ ಇರಲಿಲ್ಲ ಎನ್ನುವುದು ಮನೆಯವರ ಅಭಿಪ್ರಾಯ. ನಾನು ಧ್ವನಿಯ ಮೇಲೆ ಸಂಶೋಧನೆ ಮಾಡುತ್ತಿದ್ದೆ ಎನ್ನುವುದು ನನ್ನದು.

ನಮ್ಮ ಜನಕ್ಕೆ ಮಾತು ಶುರು ಮಾಡಲು ಬರುತ್ತಿತ್ತು, ಮುಗಿಸಲು ಬರುತ್ತಿರಲಿಲ್ಲ. ಕಾಗದಕ್ಕಾದರೆ 'ಇತಿ' ಎಂದು ಒಂದು ಇದೆ. ಕ್ಯಾಸೆಟ್ಟಿಗೆ ಎಂತ? "ಹಾಂ... ಮತ್ತೆ ಎಂತ... ಇಷ್ಟೇ... ಹಾಂ, ಮತ್ತೆ..." ಎನ್ನುತ್ತ ಟೇಪು ಮುಗಿದು ಗುಂಡಿ ಟಕ್ಕನೆ ಮೇಲೇಳುವವರೆಗೆ ಎಳೆಯುತ್ತಿದ್ದರು. ಮಂಗಳೂರಿನವರು ನೆಂಟರ ಮನೆಯಿಂದ ಹೊರಡುವುದನ್ನು ನೋಡಿದ್ದೀರಲ್ಲ? ಚಾವಡಿಯಲ್ಲಿ ಒಂದು ಗಂಟೆ ಹವಾಮಾನ ಮಾತಾಡಿ, "ಬರ್ತೇನೆ ಆಯ್ತಾ" ಎಂದು ಎದ್ದು, ಗೇಟಿನ ಹತ್ತಿರ ನಿಂತು ಅರ್ಧ ಗಂಟೆ ನಿಜವಾದ ವಿಷಯ ಮಾತಾಡುತ್ತಾರೆ. ಮಗಳ ಜಾತಕ, ಅಣ್ಣತಮ್ಮನ ಜಗಳ, ಹೊಟ್ಟೆಯ ಗಂಟು ಎಲ್ಲ ಗೇಟಿನಲ್ಲೇ. ಇದು ನನಗೆ ಗೊತ್ತಿತ್ತು. ಗೊತ್ತಿದ್ದೂ, ಗೇಟಿನ ಆ ಅರ್ಧ ಗಂಟೆಯನ್ನೇ ನಾನು ಅಂಗಡಿಯಲ್ಲಿ ಕತ್ತರಿಸಲು ಹೊರಟೆ.

ನಾನು ಎರಡು ದನಿ ಬೆರೆಸುವ ಒಂದು ಮಿಕ್ಸರ್ ತಯಾರಿಸಿದೆ. ಅಂದರೆ ವಾಮನ ತಯಾರಿಸಿದ, ನಾನು ಬೈದೆ. ತಗಡಿನ ಡಬ್ಬಿ, ತಿರುಗಿಸುವ ಎರಡು ನಾಬು. ಎಡದ್ದು ಒಳಗಿನ ಮೈಕಿಗೆ, ಬಲದ್ದು ಎರಡನೇ ಟೇಪಿನಲ್ಲಿದ್ದ ಕೊಳಲಿಗೆ. ಮಾತು ಮುಗಿಯುವ ಲಕ್ಷಣ ಕಂಡ ಕೂಡಲೇ ಎಡಗೈ ಮೆಲ್ಲನೆ ಇಳಿಸಬೇಕು, ಬಲಗೈ ಮೆಲ್ಲನೆ ಏರಿಸಬೇಕು. ಅಮ್ಮನ ದನಿ ಕೊಳಲಿನೊಳಗೆ ಕರಗುತ್ತದೆ, ಆಮೇಲೆ ಕೊಳಲೂ ಕರಗುತ್ತದೆ.

"ಒಂದು ಕಾಗದಕ್ಕೆ ಕೊಳಲು ಯಾಕೆ ಮಾರಾಯ? ಹೆಣ್ಣು ನೋಡ್ಲಿಕ್ಕೆ ಹೋಗ್ತದಾ ಅದು?" ಎಂದು ವಾಮನ ಹೇಳಿದ.

"ಕೊನೆ ಅನ್ನುವುದು ಒಂದು ಹಿಂಸೆ ವಾಮನ."

"ನಿನ್ನ ನಾಟಕ ನೋಡಿದವರಿಗೆ ಅದು ಗೊತ್ತುಂಟು."

ಆದರೆ ಗಿರಾಕಿಗಳಿಗೆ ಹಿಡಿಸಿತು. "ಥೇಟ್ ರೇಡಿಯೋ!" ಎಂದರು. ಕೊಳಲು ಹಾಕುವ ಅಂಗಡಿ ಎಂದು ನಮಗೆ ಹೆಸರಾಯಿತು. ಹೊರಗಿನ ಕಾಗೆ, ಮೀನಿನವನ ಸೈಕಲಿನ ಪೋಂ ಪೋಂ, ಮಸೀದಿಯ ಬಾಂಗು, ಎಲ್ಲವನ್ನೂ ನಾನು ನಾಬು ಇಳಿಸಿ ತಪ್ಪಿಸುತ್ತಿದ್ದೆ. ಗಲ್ಫಿನ ಮರಳಿನಲ್ಲಿ ಕೂತವರು ಆ ಕಾಗೆಗೋಸ್ಕರವೇ ಕ್ಯಾಸೆಟ್ಟನ್ನು ಎರಡೆರಡು ಸಲ ಹಾಕುತ್ತಾರೆ ಎಂದು ನನಗೆ ಆಮೇಲೆ ತಿಳಿಯಿತು.

ಇನ್ನು ಸುಮತಿಯ ವಿಷಯ. ಇಷ್ಟು ಹೊತ್ತು ಸುತ್ತುಬಳಸಿದ್ದು ಅದನ್ನು ಮುಂದೂಡಲಿಕ್ಕೇ ಎಂದು ನಿಮಗೆ ಗೊತ್ತಾಗಿರಬೇಕು.

ಸುಮತಿ ಅಂಗಡಿಯಿಂದ ನಾಲ್ಕು ಮನೆಯಾಚೆಯ ಗಿರಿಜಕ್ಕನ ಸೊಸೆ. ಗಂಡ ಜಯಾನಂದ ದೋಹಾದಲ್ಲಿ ಕ್ರೇನ್ ಓಡಿಸುತ್ತಿದ್ದ. ಗಿರಿಜಕ್ಕ ಎರಡು ತಿಂಗಳಿಗೊಮ್ಮೆ ಸೊಸೆಯನ್ನು ಕರೆದುಕೊಂಡು ಮಗನಿಗೆ ಮಾತಾಡಲು ಬರುತ್ತಿದ್ದರು. ಮನೆಯಲ್ಲಿ ಟೇಪ್ ರೆಕಾರ್ಡರ್ ಇರಲಿಲ್ಲ, ಮಗನ ಉತ್ತರ ಕೇಳಲೂ ನಮ್ಮಲ್ಲಿಗೇ ಬರಬೇಕು. ಗಿರಿಜಕ್ಕ ಕೆಟ್ಟ ಹೆಂಗಸಲ್ಲ. ಮಗನ ಕಾಗದ ಇಡೀ ಮನೆಗೆ ಓದಿ ಹೇಳಬೇಕು, ಸೊಸೆಯ ಕಾಗದ ಅಂಟಿಸುವ ಮೊದಲು ಓದಿ ಹೇಳಬೇಕು. ಆ ಕಾಲದ ಎಲ್ಲ ಅತ್ತೆಯರ ಹಾಗೆ, ಅಷ್ಟೇ.

ಅಂದು ಗಿರಿಜಕ್ಕ ಇಪ್ಪತ್ತು ನಿಮಿಷ ಮಾತಾಡಿದರು. ಮೊಣಕಾಲು ನೋವು, ಹೊಸ ಕರು, ಪಕ್ಕದ ಮನೆಯವರ ಹೊಸ ಹಂಚು. ಆಮೇಲೆ ಸುಮತಿ, ಅತ್ತೆಯ ಎದುರು ಹೇಳಬಹುದಾದಷ್ಟನ್ನು ಹೇಳಿದಳು. ಗಂಡನ ಹೆಸರು ಹೇಳುವಂತಿಲ್ಲ, ಆದ್ದರಿಂದ ಎರಡು ವಾಕ್ಯಕ್ಕೊಮ್ಮೆ "ಕೇಂಡಾ?" ಎನ್ನುತ್ತಿದ್ದಳು. ಕೇಳಿಸಿತೇ ಎಂದು. ಮಗುವಿಗೆ ಹಲ್ಲು ಬಂತು, ಕೇಂಡಾ? ಗಿರಿಜಕ್ಕ "ಸಾಕು, ಅನ್ನಕ್ಕೆ ಇಟ್ಟು ಬಂದದ್ದು" ಎಂದು ಎದ್ದು ಬಾಗಿಲು ತೆಗೆದು ಹೊರಗೆ ಬಂದರು.

ಬಾಗಿಲು ಕಿರುಗುಟ್ಟುವ ಮೊದಲೇ ನಾನು ಎಡಗೈ ಇಳಿಸಲು ಶುರು ಮಾಡಿದ್ದೆ. ಬಲಗೈಯಲ್ಲಿ ಕೊಳಲು ಏರುತ್ತಿತ್ತು. ಗಾಜಿನಾಚೆ ಸುಮತಿ ಏಳಲಿಲ್ಲ. ಬಾಗಿಲ ಕಡೆ ಒಮ್ಮೆ ನೋಡಿ, ಮೈಕಿಗೆ ಬಾಯಿ ಹತ್ತಿರ ತಂದು, ಬಹಳ ವೇಗವಾಗಿ ಮಾತಾಡತೊಡಗಿದಳು. ತುಟಿ ಅಲ್ಲಾಡುವುದು ಕಾಣುತ್ತಿತ್ತು. ಹೆಡ್‌ಫೋನಿನಲ್ಲಿ ಬರೀ ಕೊಳಲು. ಎಡದ ನಾಬು ಸೊನ್ನೆಯಲ್ಲಿತ್ತು.

ಅರ್ಧ ನಿಮಿಷ, ಹೆಚ್ಚೆಂದರೆ ಮುಕ್ಕಾಲು. ನಾಬನ್ನು ಮತ್ತೆ ಏರಿಸಬಹುದಿತ್ತು. ಏರಿಸಲಿಲ್ಲ. ಯಾಕೆಂದರೆ ಆ ದಿನದ ಫೇಡು ನನ್ನ ಜೀವಮಾನದಲ್ಲೇ ಅತ್ಯಂತ ನಯವಾಗಿ ಬಂದಿತ್ತು. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೂ ಕಾರಣ ಅದೇ.

ಹೊರಗೆ ಬಂದ ಸುಮತಿಯ ಮುಖ ಬೆವರಿತ್ತು. ಗಿರಿಜಕ್ಕ ಮೆಟ್ಟಿಲಲ್ಲಿ ಚಪ್ಪಲಿ ಹುಡುಕುತ್ತಿದ್ದರು. ಅವಳು ಮೆಲ್ಲಗೆ ಕೇಳಿದಳು: "ಅಣ್ಣಾ, ಕೊನೆದ್ದು ಬಂತಲ್ಲ?"

"ಬಂತು" ಎಂದೆ. "ಎಲ್ಲ ಬಂತು."

ಅವಳು ಹೇಳಿದ್ದೇನೆಂದು ನನಗೆ ಗೊತ್ತಾದದ್ದು ಐದು ವರ್ಷದ ಮೇಲೆ. ನಿಮ್ಮನ್ನು ಅಷ್ಟು ಕಾಯಿಸುವುದು ಅನ್ಯಾಯ, ಈಗಲೇ ಹೇಳಿಬಿಡುತ್ತೇನೆ. ಸುಮತಿ ಮದುವೆಗೆ ಮೊದಲು ಹತ್ತನೇ ಕ್ಲಾಸು ಮುಗಿಸಿ ಟೈಪಿಂಗ್ ಕಲಿತವಳು. ಪಣಂಬೂರಿನ ಒಂದು ಕಂಪೆನಿಯಲ್ಲಿ ಟೆಲಿಫೋನ್ ಆಪರೇಟರ್ ಬೇಕು ಎಂದು ಕೇಳಿ, ಹಲ್ಲಿನ ಡಾಕ್ಟರಲ್ಲಿಗೆ ಎಂದು ಮನೆಯಲ್ಲಿ ಸುಳ್ಳು ಹೇಳಿ, ಇಂಟರ್ವ್ಯೂಗೆ ಹೋಗಿದ್ದಳು. ಅವಳ ದನಿ ಕೇಳಿ ಅವರು ಅಲ್ಲೇ ಒಪ್ಪಿದ್ದರು. ಮುಂದಿನ ತಿಂಗಳ ಕೊನೆಗೆ ಸೇರಬೇಕು. ಅತ್ತೆ ಒಪ್ಪಬೇಕಾದರೆ ಮಗ ಹೂಂ ಎನ್ನಬೇಕು. ಆ ಮುಕ್ಕಾಲು ನಿಮಿಷದಲ್ಲಿ ಅವಳು ಗಂಡನಿಗೆ ಹೇಳಿದ್ದು ಇದನ್ನು. "ನಿಮ್ಮ ಉತ್ತರ ಎರಡನೇ ಸೈಡಿನಲ್ಲಿ ಹೇಳಿ, ಅತ್ತೆ ಮೊದಲನೇ ಸೈಡ್ ಮಾತ್ರ ಕೇಳ್ತಾರೆ, ಎರಡನೇದ್ದನ್ನು ನಾನೊಬ್ಬಳೇ ಕೇಳ್ತೇನೆ. ಏನೂ ಹೇಳದಿದ್ದರೆ ಬೇಡ ಅಂತ ತಿಳ್ಕೊಳ್ತೇನೆ. ಮತ್ತೆ ಈ ಮಾತು ಎತ್ತುವುದಿಲ್ಲ."

ಎರಡು ವಾರ, ಮೂರು ವಾರ, ಉತ್ತರ ಬಂತು.

ಆ ದಿನವನ್ನು ನನ್ನ ನೆನಪಿನಲ್ಲಿ ಇರುವ ಹಾಗೆಯೇ ಹೇಳುತ್ತೇನೆ. ಅತ್ತೆ ಸೊಸೆ ಇಬ್ಬರೂ ಬಂದರು. ಮೊದಲನೇ ಸೈಡನ್ನು ಸ್ಪೀಕರಿನಲ್ಲಿ ಹಾಕಿದೆ. ಜಯಾನಂದ ಅಮ್ಮನ ಮೊಣಕಾಲಿಗೆ ಎಣ್ಣೆ ಹೇಳಿದ, ಕರುವಿನ ಬಣ್ಣ ಕೇಳಿದ. "ಕೊಳಲು ಭಾರೀ ಲಾಯ್ಕ ಉಂಟು, ನಮ್ಮ ರೂಮಿನವರೆಲ್ಲ ಕೂತು ಕೇಳಿದರು" ಎಂದ. ನನಗೆ ಖುಷಿಯಾಯಿತು. ಸೈಡು ಮುಗಿಯಿತು. ಗಿರಿಜಕ್ಕ ಗೋಡೆ ಬದಿಯ ಬೆಂಚಿನಲ್ಲಿ ಕೂತು ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತ ವೀಳ್ಯ ಮಡಚುತ್ತಿದ್ದರು. ಸುಮತಿ, "ಎರಡನೇ ಸೈಡ್ ಒಮ್ಮೆ ಹಾಕ್ತೀರಾ? ಆ ಕಿವಿಗೆ ಇಡುವುದರಲ್ಲಿ" ಎಂದಳು. ಹೆಡ್‌ಫೋನು ಕೊಟ್ಟೆ.

ಎರಡನೇ ಸೈಡಿನಲ್ಲಿ ಏನೂ ಇರಲಿಲ್ಲ. ನಾನು ಮೊದಲೇ ಓಡಿಸಿ ನೋಡಿದ್ದೆ. ಖಾಲಿ ಟೇಪಿನ ಸುಂಯ್ ಎನ್ನುವ ಸದ್ದು, ಅಷ್ಟೇ.

ಅವಳು ಅದನ್ನು ಕೇಳಿದಳು. ಒಂದು ನಿಮಿಷ ಅಲ್ಲ, ಎರಡು ನಿಮಿಷ ಅಲ್ಲ. ಉತ್ತರ ನಡುವೆ ಎಲ್ಲಾದರೂ ಇದ್ದೀತು ಎಂದು ಎರಡು ಕೈಯಿಂದ ಹೆಡ್‌ಫೋನನ್ನು ಕಿವಿಗೆ ಒತ್ತಿಕೊಂಡು, ಕಣ್ಣು ಮುಚ್ಚಿ, ಇಡೀ ಅರ್ಧ ಗಂಟೆ ಕೇಳಿದಳು. ಅವಳು ಕಾಯುತ್ತಿರುವುದು ಯಾವುದಕ್ಕೆ ಎಂದು ನನಗೆ ತಿಳಿಯದಿದ್ದರೂ, ಯಾವುದಕ್ಕೋ ಕಾಯುತ್ತಿದ್ದಾಳೆ, ಅದು ಬರುವುದಿಲ್ಲ, ಬರದಿರಲು ನನ್ನ ಎಡಗೈ ಕಾರಣ ಎಂದು ತಿಳಿಯದಷ್ಟು ದಡ್ಡ ನಾನಾಗಿರಲಿಲ್ಲ. "ಅಂದು ನೀವು ಕೊನೆಗೆ ಹೇಳಿದ್ದು ಹೋಗಲೇ ಇಲ್ಲ" ಎನ್ನುವ ಒಂದು ವಾಕ್ಯ. ನಾಲಗೆಯ ತುದಿಯಲ್ಲಿತ್ತು. ಆದರೆ ಗಿರಿಜಕ್ಕ ಬೆಂಚಿನಲ್ಲಿ ಕೂತಿದ್ದರು. ಅವರ ಎದುರು ಹೇಗೆ ಹೇಳುವುದು? ಅವಳ ಗುಟ್ಟು ರಟ್ಟಾಗುತ್ತದಲ್ಲ?

ಸೈಡು ಮುಗಿದು ಗುಂಡಿ ಟಕ್ಕೆಂದಿತು. ಅವಳು ಹೆಡ್‌ಫೋನನ್ನು ಮೇಜಿನ ಮೇಲಿಟ್ಟು, ತಲೆಗೂದಲು ಸರಿಮಾಡಿಕೊಂಡು, "ಆಯ್ತು" ಎಂದಳು. ಅಷ್ಟೇ. ಆ ತಿಂಗಳ ಕೊನೆ ಬಂತು, ಹೋಯಿತು. ಪಣಂಬೂರಿಗೆ ಬೇರೆ ಯಾರೋ ಹೋದರು.

ಎಂಬತ್ತರ ದಶಕದ ನಡುಮಧ್ಯದಲ್ಲಿ ಗಿರಿಜಕ್ಕ ತೀರಿಕೊಂಡರು. ಮರುವರ್ಷ ಜಯಾನಂದ ರಜೆಯಲ್ಲಿ ಬಂದವನು ಹೆಂಡತಿಯೊಡನೆ ಅಂಗಡಿಗೆ ಬಂದ. ಕೈಯಲ್ಲಿ ಹಳೆಯ ಒಂದು ಕ್ಯಾಸೆಟ್. "ಅಮ್ಮನ ಸ್ವರ ಇರುವುದು ಇದೊಂದೇ ಉಳಿದದ್ದು. ಎರಡು ಕಾಪಿ ಮಾಡಿ ಕೊಡಿ ಮಾರಾಯ್ರೆ" ಎಂದ. ಆಮೇಲೆ ನಗುತ್ತ, "ಹಾಗೇ ಇವಳ ಒಂದು ಕೇಸು ಉಂಟು, ಅದನ್ನೂ ತೀರ್ಮಾನ ಮಾಡಿ" ಎಂದ.

ಎಂತ ಕೇಸು ಎಂದು ವಾಮನ ಕೇಳಿದ.

"ಮೊನ್ನೆ ನಾನು ಹೇಳಿದೆ, ಮಗು ಶಾಲೆಗೆ ಹೋಗ್ತದೆ, ನಿನಗೆ ಹೊತ್ತು ಹೋಗದಿದ್ದರೆ ಎಲ್ಲಿಯಾದರೂ ಕೆಲಸಕ್ಕೆ ಸೇರು ಅಂತ. ಅದಕ್ಕೆ ಇವಳು ಸುರು ಮಾಡಿದ್ಲು. ಐದು ವರ್ಷ ಮೊದಲು ಕೇಳಿದ್ದೆ, ನೀವು ಉತ್ತರ ಕೊಡ್ಲಿಲ್ಲ, ಈಗ ಯಾರು ಕೊಡ್ತಾರೆ ಕೆಲಸ ಅಂತ. ಯಾವಾಗ ಕೇಳಿದ್ದು? ಕ್ಯಾಸೆಟ್ಟಿನಲ್ಲಂತೆ! ನಾನು ಈ ಕ್ಯಾಸೆಟ್ ಐವತ್ತು ಸಲ ಕೇಳಿದ್ದೇನೆ ಮಾರಾಯ್ರೆ." ಪಣಂಬೂರು, ಟೆಲಿಫೋನ್, ಹಲ್ಲಿನ ಡಾಕ್ಟರು, ಎರಡನೇ ಸೈಡು, ಎಲ್ಲವನ್ನೂ ಅವನು ಒಂದು ತಮಾಷೆಯ ಹಾಗೆ ಹೇಳಿ ಮುಗಿಸಿದ.

ಕ್ಯಾಸೆಟ್ ಹಾಕಿದೆವು. ಗಿರಿಜಕ್ಕನ ಮೊಣಕಾಲು. ಕರು. ಹಲ್ಲು ಬಂತು, ಕೇಂಡಾ? ಆಮೇಲೆ ಕೊಳಲು, ಎಲ್ಲಿಂದಲೋ ಎದ್ದು ಬಂದ ಹಾಗೆ. ಅದರ ಕೆಳಗೆ, ಇನ್ನೇನು ಇಲ್ಲ ಎನ್ನುವಷ್ಟು ಸಣ್ಣಗೆ ಮತ್ತೊಂದು "ಕೇಂಡಾ?" ಮತ್ತೆ ಬರೀ ಕೊಳಲು.

"ನೋಡು" ಎಂದ ಜಯಾನಂದ. "ಕೇಳಿತಾ ಅಂತ ಕೇಳಿದ್ದೀ. ಎಂತದ್ದು ಕೇಳಿತಾ ಅಂತ ಎಲ್ಲಿ ಉಂಟು? ಕೇಳಿದ್ರೆ ನಾನು ಹೂಂ ಹೇಳ್ತಿದ್ದೆ ಮಾರಾಯ್ತಿ! ಅಲ್ಲಿ ನಮ್ಮ ರೂಮಿನವನ ಹೆಂಡತಿ ಊರಲ್ಲಿ ಕೆಲಸಕ್ಕೆ ಹೋಗ್ತಾಳೆ, ಅವನು ಎಷ್ಟು ಜಂಬ ಕೊಚ್ಚುತ್ತಾನೆ ಗೊತ್ತುಂಟಾ? ಮನಸ್ಸಿನಲ್ಲೇ ಹೇಳ್ಕೊಂಡಿರ್ತೀ. ಹೆದರಿಕೆಗೆ ಬಾಯಿಗೆ ಬರ್ಲಿಲ್ಲ."

ಅವನು ಒಳ್ಳೆಯವನು. ಅದು ಇನ್ನೂ ಕಷ್ಟ.

ಸುಮತಿ ನನ್ನ ಕಡೆ ತಿರುಗಿದಳು. "ಅಣ್ಣಾ, ಅತ್ತೆ ಹೊರಗೆ ಬಂದ ಮೇಲೆ ನಾನು ಮಾತಾಡ್ಲಿಲ್ವಾ? ನೀವು ಗ್ಲಾಸಿನಿಂದ ನೋಡ್ತಾ ಇದ್ದಿರಿ."

ನೆನಪು ಎಂಬುದೇ ಒಂದು ಕಟ್ಟುಕಥೆ, ಅದನ್ನು ನಂಬಬಾರದು ಎಂದು ನಾನು ಆ ವರ್ಷಗಳಲ್ಲಿ ಸಣ್ಣ ಪತ್ರಿಕೆಗಳಲ್ಲಿ ಉದ್ದುದ್ದ ಲೇಖನ ಬರೆಯುತ್ತಿದ್ದೆ. ಆ ತತ್ವ ನನ್ನ ಉಪಯೋಗಕ್ಕೆ ಬಂದದ್ದು ಅದೊಂದು ದಿನ.

"ನೆನಪಿಲ್ಲ" ಎಂದೆ.

ಅವಳು, "ಹಾಗಾದರೆ ನಾನು ಹೇಳಿರ್ಲಿಕ್ಕಿಲ್ಲ" ಎಂದಳು. ಜಯಾನಂದ ನಕ್ಕು ಅವಳ ಬೆನ್ನು ತಟ್ಟಿದ. ನಾನು ಎರಡು ಕಾಪಿ ಮಾಡಿ ಕೊಟ್ಟೆ, ಕೊಳಲಿನ ಸಮೇತ.

ಅವನು ವಾಪಸು ಹೋದ. ಮತ್ತೆ ಒಂದು ವರ್ಷ ಕಳೆಯಿತು. ಈಗ ಮನೆಮನೆಗೂ ರೇಡಿಯೋ, ಟೇಪು ಎರಡೂ ಒಟ್ಟಿಗಿರುವ ಟು-ಇನ್-ಒನ್ ಬಂದಿತ್ತು. ವಾಮನ ಹಲಗೆಯ ಗೂಡು ಕಿತ್ತು ವಿಡಿಯೋ ಕ್ಯಾಸೆಟ್ ಬಾಡಿಗೆಗೆ ಕೊಡಲು ಶುರು ಮಾಡಿದ. ನಾನು ಒಂದು ಪ್ರೆಸ್ಸಿನಲ್ಲಿ ಪ್ರೂಫ್ ನೋಡುವ ಕೆಲಸಕ್ಕೆ ಸೇರಿದೆ. ಅಲ್ಲಿ ಪೂರ್ಣವಿರಾಮ ಹಾಕುವುದಕ್ಕೇ ಸಂಬಳ. ಒಂದು ದಿನ ಬೆಳಿಗ್ಗೆ ಮೀನು ತರಲು ಹೋದಾಗ ಸುಮತಿ ನನ್ನ ಮುಂದೆ ನಿಂತಿದ್ದಳು. ಅವಳು "ಬಂಗುಡೆ" ಎಂದದ್ದು ನನಗೆ ಸ್ಪಷ್ಟ ಕೇಳಿಸಿತು. ಮೀನಿನವಳು ಎಲೆಯಲ್ಲಿ ಬೂತಾಯಿ ಹಾಕಿ ಕಟ್ಟಿದಳು.

"ಬಂಗುಡೆ ಅಲ್ವಾ ನಾನು ಹೇಳಿದ್ದು?"

"ಬೂತಾಯಿ ಹೇಳಿದ್ದು ನೀವು. ನನ್ನ ಕಿವಿ ಸರಿ ಉಂಟು."

ಕುದ್ರೋಳಿಯ ಯಾವ ಹೆಂಗಸಾದರೂ ಅಲ್ಲೇ ಒಂದು ಕುರುಕ್ಷೇತ್ರ ಮಾಡುತ್ತಿದ್ದಳು. ಸುಮತಿ ಒಂದು ಕ್ಷಣ ಯೋಚಿಸಿದಳು. "ಹಾಗೆ ಹೇಳಿದೆನಾ? ಇರಬಹುದು. ನನಗೆ ಈಗ ನನ್ನ ಬಾಯಿಯ ಮೇಲೆ ನಂಬಿಕೆ ಇಲ್ಲ" ಎಂದು ನಕ್ಕು, ಬೂತಾಯಿಯನ್ನು ಚೀಲಕ್ಕೆ ಹಾಕಿಕೊಂಡು ಹೋದಳು.

ನಾನು ಮೀನು ತೆಗೆದುಕೊಳ್ಳದೆ ಮನೆಗೆ ಬಂದೆ. ಆ ಮಧ್ಯಾಹ್ನ ಅವಳ ಮನೆಗೆ ಹೋದೆ.

ಅವಳು ಚಾವಡಿಯಲ್ಲಿ ಅಕ್ಕಿ ಆರಿಸುತ್ತಿದ್ದಳು. ಬೆಲ್ಲ ನೀರು ತಂದುಕೊಟ್ಟಳು. ನಾನು ಕುಡಿಯದೆ ಹೇಳಿದೆ. ನಾಬು ಇಳಿಸಿದ್ದು, ತುಟಿ ಅಲ್ಲಾಡುವುದನ್ನು ನೋಡಿದ್ದು, ಬಂತು ಎಂದದ್ದು, ನೆನಪಿಲ್ಲ ಎಂದದ್ದು. ಹೇಳುವಾಗ ಅವಳ ಕೈ ಗೆರಸೆಯ ಮೇಲೆ ನಿಂತಿತ್ತು.

"ಹಾಗಾದರೆ ನಾನು ಹೇಳಿದ್ದು ಹೌದು."

"ಹೌದು."

"ಪೂರ್ತಿ ಹೇಳಿದ್ದೆ."

"ಪೂರ್ತಿ ಹೇಳಿದ್ದಿರಿ. ಮುಕ್ಕಾಲು ನಿಮಿಷ."

ಅವಳು ಬಯ್ಯುತ್ತಾಳೆ ಎಂದುಕೊಂಡಿದ್ದೆ. ಬೈದಿದ್ದರೆ ಸುಲಭವಿತ್ತು. ಅವಳು, "ಇದನ್ನು ಅವರ ಹತ್ತ್ರ ಹೇಳ್ತೀರಾ?" ಎಂದು ಕೇಳಿದಳು.

"ಹೇಳ್ತೇನೆ. ಅವರು ಊರಿಗೆ ಬಂದಾಗ ಹೇಳಿ ಕಳಿಸಿ."

"ಬರುವುದು ಇನ್ನು ಮುಂದಿನ ವರ್ಷ. ಅಷ್ಟರಲ್ಲಿ ನಿಮಗೆ ಪುನಃ ನೆನಪು ಹೋದ್ರೆ?"

ಅವಳು ಒಳಗೆ ಹೋಗಿ ಗಂಡ ತಂದುಕೊಟ್ಟ ಟು-ಇನ್-ಒನ್ ತಂದು ನನ್ನ ಎದುರು ಸ್ಟೂಲಿನ ಮೇಲಿಟ್ಟಳು. ಹೊಸ ಕ್ಯಾಸೆಟ್ಟಿನ ತೆಳು ಪ್ಲಾಸ್ಟಿಕ್ಕಿನ ಜರಿಕಾಗದವನ್ನು ಹಲ್ಲಿನಿಂದ ಹರಿದಳು. ಎರಡು ಗುಂಡಿ ಒಟ್ಟಿಗೆ ಒತ್ತಿ, "ಮಾತಾಡಿ" ಎಂದಳು.

ಐದಾರು ವರ್ಷ ಗಾಜಿನ ಹೊರಗೆ ಕೂತು ಇಡೀ ಕುದ್ರೋಳಿಗೆ 'ಇನ್ನು ಮಾತಾಡಿ' ಎಂದು ಕೈ ಮಾಡಿದವನು ನಾನು. ಒಳಗೆ ಕೂತಿದ್ದು ಅದೇ ಮೊದಲು. "ಜಯಾನಂದರೇ, ಇದು ವಾಮನನ ಅಂಗಡಿಯಲ್ಲಿದ್ದವ ಮಾತಾಡುವುದು" ಎಂದು ಶುರು ಮಾಡಿದೆ. ನಾಬು ಇಳಿಸಿದ ಮೊದಲನೇ ತಪ್ಪು ಹೇಳಿದೆ. ಎರಡನೆಯದಕ್ಕೆ ಬಂದೆ. "ನಿಮ್ಮ ಉತ್ತರ ಬಂದಾಗ, ಇವರು ಎರಡನೇ ಸೈಡ್ ಕೇಳುವಾಗ, ನಾನು ಹೇಳಬೇಕಿತ್ತು. ಹೇಳಬೇಕು ಅಂತಲೇ ಇದ್ದೆ. ಆದರೆ ನಿಮ್ಮ ತಾಯಿಯವರು ಅಲ್ಲೇ ಬೆಂಚಿನಲ್ಲಿ ಕೂತಿದ್ದರು. ಅವರ ಎದುರು ಹೇಳಿದರೆ—"

"ಅತ್ತೆ ಇರ್ಲಿಲ್ಲ" ಎಂದಳು ಸುಮತಿ.

ನಾನು ತಲೆ ಎತ್ತಿದೆ. ಟೇಪು ತಿರುಗುತ್ತಿತ್ತು.

"ಅತ್ತೆ ಬಂದದ್ದು ಹಿಂದಿನ ದಿನ. ಮೊದಲನೇ ಸೈಡ್ ಕೇಳಿ ಇಬ್ಬರೂ ಮನೆಗೆ ಹೋದದ್ದು. ಮರುದಿನ ಮಗುವಿಗೆ ಮದ್ದು ತರ್ಲಿಕ್ಕೆ ಅಂತ ಹೇಳಿ ನಾನೊಬ್ಬಳೇ ಬಂದೆ. ಅಂಗಡಿಯಲ್ಲಿ ನೀವು ಮಾತ್ರ ಇದ್ದದ್ದು. ಸೈಡ್ ಹಾಕಿ ಕೊಟ್ಟು ನೀವು ಹೊರಗೆ ಹೋಗಿ ಮಾರ್ಗದ ಬದಿಯಲ್ಲಿ ನಿಂತಿರಿ. ಇಡೀ ಅರ್ಧ ಗಂಟೆ ಬಿಸಿಲಿನಲ್ಲಿ. ಗಂಡ ಹೆಂಡತಿ ಮಾತು, ಇವಳೊಬ್ಬಳೇ ಕೇಳಲಿ ಅಂತ ಬಿಟ್ಟು ಹೋದ್ರು ಅಂದ್ಕೊಂಡೆ. ಎಷ್ಟು ಒಳ್ಳೆ ಜನ ಅಂದ್ಕೊಂಡೆ. ಇವತ್ತು ನೀವು ಬರುವವರೆಗೂ ಅಂದ್ಕೊಂಡಿದ್ದೆ."

ವೀಳ್ಯ ಮಡಚುವ ಆ ಕೈ, ಸೆರಗಿನ ಗಾಳಿ, ಎಲ್ಲ ನನಗೆ ಅಷ್ಟು ಸ್ಪಷ್ಟ. ಈಗಲೂ ಸ್ಪಷ್ಟ. ಬೆಂಚಿನ ಮೇಲೆ ಒಬ್ಬ ಹೆಂಗಸನ್ನು ಕೂರಿಸಿದವನು ನಾನೇ. ಯಾವಾಗ ಕೂರಿಸಿದೆ ಎಂದು ಮಾತ್ರ ಗೊತ್ತಿಲ್ಲ.

ನನ್ನ ಕೈ ತಾನಾಗಿ ಗುಂಡಿಯ ಕಡೆ ಹೋಯಿತು. "ಇದನ್ನು ಅಳಿಸುವ. ಮೊದಲಿನಿಂದ ಸರಿಯಾಗಿ ಹೇಳ್ತೇನೆ" ಎಂದೆ.

ಸುಮತಿ ಅಂಗೈಯನ್ನು ಗುಂಡಿಗಳ ಮೇಲೆ ಅಡ್ಡ ಇಟ್ಟಳು.

"ಬೇಡ" ಎಂದಳು. "ಅದೂ ಇರಲಿ. ಹೇಳಿ."

ಹೇಳಿದೆ. ಏನು ಹೇಳಿದೆ, ಎಷ್ಟು ಹೇಳಿದೆ ಎಂದು ನನ್ನನ್ನು ಕೇಳಬೇಡಿ. ಅದು ಆ ಕ್ಯಾಸೆಟ್ಟಿನಲ್ಲಿದೆ, ನನ್ನ ಹತ್ತಿರ ಇಲ್ಲ.